ನೋಡಿ ಹಾಕಿದ ರೈಟು

ಜನವರಿ 9

ತೀರ್ಥರೂಪು ಅಪ್ಪನವರಿಗೆ,

ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಎಂಟು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದರೆ ಸಾಕಿತ್ತು. ಆದರೆ "ಬಾಯಲ್ಲಿ ಹೇಳಿದ್ದು ಗಾಳಿಗೆ, ಬರೆದು ಕೊಟ್ಟಿದ್ದು ಸಂಘಕ್ಕೆ" ಅನ್ನುವವರು ನೀವು. ಹಾಗಾಗಿ ಬರೆದೇ ಕೊಡುತ್ತಿದ್ದೇನೆ.

ಇಲ್ಲಿಯ ದೊಡ್ಡ ನಾಟಕ ಕಂಪನಿಯಲ್ಲಿ ನನಗೆ ಸ್ಟೇಜ್ ಮ್ಯಾನೇಜರ್ ಕೆಲಸ ಸಿಕ್ಕಿದೆ. ನಟಿಯಾಗುವ ಆಸೆ ಹೋದ ವರ್ಷವೇ ಮುಗಿಯಿತು. ಹೇಗೆ ಮುಗಿಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೀವು ಹಗ್ಗ ಎಳೆಯುವ ರಂಗಮಂದಿರದಲ್ಲೇ, ನಮ್ಮ ಪುಟ್ಟ ತಂಡದ ಮೊದಲ ಪ್ರದರ್ಶನಕ್ಕೆ ಅರ್ಧ ಗಂಟೆ ಇರುವಾಗ, ಹಗ್ಗ ಸರಿಯಿಲ್ಲ, ಪರದೆ ಏಳಿಸುವುದಿಲ್ಲ ಎಂದಿರಿ. ಜನ ಎದ್ದು ಹೋದರು. ತಿಂಗಳೊಳಗೆ ತಂಡವೂ ಹೋಯಿತು. ಅದನ್ನು ಕೆದಕಲು ಈ ಪತ್ರ ಅಲ್ಲ.

ಇಲ್ಲಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಟರ ಸಂಘಕ್ಕೆ ಸೇರಬೇಕಂತೆ. ಸ್ಟೇಜ್ ಮ್ಯಾನೇಜರ್‌ಗಳೂ ಅದರಲ್ಲೇ. ಅರ್ಜಿಯ ಕೆಳಗೆ "ರಂಗಭೂಮಿಯ ಯಾವುದೇ ಸಂಘದ ಹಳೆಯ ಸದಸ್ಯರೊಬ್ಬರ ಸಹಿ" ಎಂದಿದೆ. ನನಗೆ ಬೇರೆ ಯಾರೂ ಗೊತ್ತಿಲ್ಲ. ಸಹಿ ಹಾಕಿ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಇಂತು,
ನಿಮ್ಮ ಮಗಳು


ಜನವರಿ 17

ಚೂಟಿ,

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎಂದು ನಿಮ್ಮಮ್ಮನಿಗೆ ಆಗಲೇ ಹೇಳಿದ್ದೆ. ನಾಟಕದ ನಂಟು ಬಿಡುವಂಥದ್ದಲ್ಲ. ಅರ್ಜಿಗೆ ಸಹಿ ಹಾಕಿದ್ದೇನೆ, ಜೊತೆಗಿದೆ. "ತೀರ್ಥರೂಪು" ಎಂದು ಬರೆದಿದ್ದೀಯ, "ಉಪಕಾರ" ಬೇರೆ. ಕೋಪ ಇನ್ನೂ ಇಳಿದಿಲ್ಲ ಅನ್ನುವುದು ಗೊತ್ತಾಯಿತು. ಇರಲಿ, ಕೋಪ ಮಾಡಿಕೊಳ್ಳಲಿಕ್ಕಾದರೂ ಅಪ್ಪ ಬೇಕಲ್ಲ.

ನಿನಗೆ ಗೊತ್ತಿರಬೇಕಾದ ಎರಡು ಮಾತು. ಮೊದಲ ದಿನ ಎಲ್ಲರೂ ಕೂತು ನಾಟಕ ಓದುತ್ತೀರಿ. ಆಮೇಲೆ ಕಂಪನಿಯ ಮ್ಯಾನೇಜರೂ ನಿರ್ದೇಶಕರೂ ಹೊರಗೆ ಹೋಗುತ್ತಾರೆ, ಬಾಗಿಲು ಹಾಕಿಕೊಂಡು ನಟರು ತಮ್ಮಲ್ಲೊಬ್ಬರನ್ನು ಪ್ರತಿನಿಧಿಯಾಗಿ ಆರಿಸುತ್ತಾರೆ. ಎಲ್ಲರೂ ಚಾವಣಿ ನೋಡುತ್ತಾರೆ, ಪಾಪ ಯಾರೋ ಒಬ್ಬರು ಸಿಕ್ಕಿಬೀಳುತ್ತಾರೆ. ತಾಲೀಮು ಹೊತ್ತು ಮೀರಿದರೆ, ನೆಲ ಜಾರಿದರೆ, ಬಾಯಿ ಬಿಡಬೇಕಾದವರು ಆ ಪ್ರತಿನಿಧಿ. ಒಬ್ಬ ನಟ ಒಂಟಿಯಾಗಿ ಕೇಳಿದರೆ ತಲೆಹರಟೆ ಎನ್ನುತ್ತಾರೆ, ಪ್ರತಿನಿಧಿ ಕೇಳಿದರೆ ಎಲ್ಲರೂ ಕೇಳಿದ ಹಾಗೆ.

ಇನ್ನೊಂದು ನಿನ್ನ ಪುಸ್ತಕ. ತಾಲೀಮು ಎಷ್ಟಕ್ಕೆ ಶುರುವಾಯಿತು, ಯಾವಾಗ ಬಿಡುವು ಕೊಟ್ಟರು, ಯಾರಿಗೆ ಏನಾಯಿತು, ಎಲ್ಲ ನೀನೇ ಬರೆಯಬೇಕು. ನಾಳೆ ಕಂಪನಿಗೂ ಸಂಘಕ್ಕೂ ಜಗಳ ಬಂದರೆ ಇಬ್ಬರೂ ತೆರೆಯುವುದು ಅದನ್ನೇ.

ಮತ್ತೆ, ರಂಗದ ಮೇಲಿನ ಯಾವ ಸಾಮಾನನ್ನೂ ಮುಟ್ಟಬೇಡ. ಅದು ನಮ್ಮ ಕೆಲಸಗಾರರ ಸಂಘದ ಪಾಲು. ಹೇಳಿಲ್ಲ ಅನ್ನಬೇಡ.

ಅಮ್ಮ ಹೇಳುತ್ತಾಳೆ: ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಾಕು.

ನಿನ್ನ ಅಪ್ಪ


ಫೆಬ್ರವರಿ 3

ಅಪ್ಪನಿಗೆ,

ಹೇಳಿದ್ದಿರಿ, ನಿಜ. ಆದರೂ ಮುಟ್ಟಿದೆ.

ಮೊದಲ ದಿನವೇ ಒಂದು ಕುರ್ಚಿ ದಾರಿಗೆ ಅಡ್ಡವಾಗಿತ್ತು. ಎತ್ತಿ ಗೋಡೆಯ ಪಕ್ಕಕ್ಕಿಟ್ಟೆ. ಸುತ್ತಿಗೆಯ ಸದ್ದೆಲ್ಲ ನಿಂತುಹೋಯಿತು. ಸಾಮಾನಿನ ಮೇಸ್ತ್ರಿ ಬಂದರು, ದಪ್ಪ ಮೀಸೆ, ಕಿವಿಸಂದಿಯಲ್ಲಿ ಪೆನ್ಸಿಲ್ಲು. ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು. ಅದನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಏನಾಗ್ಬೇಕಿತ್ತು ಹೇಳಮ್ಮ?" ಎಂದರು.

"ಕುರ್ಚಿ... ಸ್ವಲ್ಪ ಪಕ್ಕಕ್ಕೆ..." ಎಂದೆ.

"ಹಾಗೆ ಕೇಳು. ಅದಕ್ಕೇ ಅಲ್ವಾ ನಾವಿರೋದು," ಎಂದು ನಾನು ಇಟ್ಟಿದ್ದ ಜಾಗದಲ್ಲೇ ಇಟ್ಟು ಹೋದರು. ಹೋಗುವಾಗ, "ಹಗ್ಗದಣ್ಣನ ಮಗಳಂತೆ, ಮನೇಲಿ ಏನೂ ಕಲಿಸಿಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದರು. ನಿಮ್ಮ ಹೆಸರು ಇಲ್ಲಿಯವರೆಗೂ ಹಬ್ಬಿರುವುದು ನನಗೆ ಗೊತ್ತಿರಲಿಲ್ಲ.

ಪ್ರತಿನಿಧಿಯಾಗಿ ಸಿಕ್ಕಿಬಿದ್ದವರು ನಮ್ಮ ಮಹಾರಾಜರು. ಅರವತ್ತೆಂಟು ವರ್ಷ, ಜೀವಮಾನವೆಲ್ಲ ರಾಜನ ಪಾತ್ರವನ್ನೇ ಮಾಡಿದವರಾದ್ದರಿಂದ ಎಲ್ಲರೂ ಹಾಗೇ ಕರೆಯುತ್ತಾರೆ. ಆಯ್ಕೆ ನಡೆಯುವಾಗ ಬಚ್ಚಲಿಗೆ ಹೋಗಿದ್ದರು, ಬರುವಷ್ಟರಲ್ಲಿ ಚಪ್ಪಾಳೆ. "ರಾಜ್ಯ ಕೊಡೋವಾಗ ಹೇಳ್ಬಾರ್ದೇನ್ರಪ್ಪ, ಕೈಯಾದ್ರೂ ಒರೆಸ್ಕೊಂಡು ಬರ್ತಿದ್ದೆ," ಎಂದರು. ಈ ನಾಟಕದಲ್ಲಿ ಅವರು ಕಣ್ಣು ಕಳೆದುಕೊಂಡ ರಾಜ, ಇಪ್ಪತ್ತೆರಡು ಮೆಟ್ಟಿಲು ಇಳಿದು ಬರಬೇಕು. ಇದೇ ತಮ್ಮ ಕೊನೆಯ ಪಾತ್ರ ಎಂದು ನನ್ನೊಬ್ಬಳಿಗೆ ಹೇಳಿದ್ದಾರೆ.

ನನ್ನ ಪುಸ್ತಕವೂ ಚೊಕ್ಕಟವಾಗಿದೆ. ದಿನದ ಬಿಡುವಿನ ಹೊತ್ತು ಮೊದಲೇ ಗೊತ್ತಿರುತ್ತದಲ್ಲ, ಬೆಳಿಗ್ಗೆಯೇ ಶಾಯಿಯಲ್ಲಿ ಬರೆದುಬಿಡುತ್ತೇನೆ. ಆಮೇಲೆ ಗಡಿಬಿಡಿ ಇರುವುದಿಲ್ಲ.

ಅಮ್ಮನಿಗೆ ಹೇಳಿ, ಎಣ್ಣೆ ಹಾಕಿದ್ದೇನೆ.

ಮಗಳು


ಫೆಬ್ರವರಿ 11

ಚೂಟಿ,

ಕುರ್ಚಿಯ ಕಥೆ ಓದಿ ನಿಮ್ಮಮ್ಮ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಳು. ಆ ಮೀಸೆಯ ಮೇಸ್ತ್ರಿ ನನಗೆ ಗೊತ್ತು, ಬೈದರೆ ಒಳ್ಳೆಯ ಲಕ್ಷಣ. ಆಗದವರ ಹತ್ತಿರ ಅವನು ಮಾತೇ ಆಡುವುದಿಲ್ಲ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಬಿಡುವನ್ನು ಕೊಟ್ಟ ಮೇಲೆ ಬರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬೇಡ. ಒಂದು ದಿನ ಕೂಸು ಬರುವುದಿಲ್ಲ, ಕುಲಾವಿ ಮಾತ್ರ ಉಳಿದುಬಿಡುತ್ತದೆ.

ಅಪ್ಪ


ಮಾರ್ಚ್ 10

ಚೂಟಿ,

ಒಂದು ತಿಂಗಳಾಯಿತು, ಪತ್ರವಿಲ್ಲ. ಕುಲಾವಿಯ ಮಾತಿಗೆ ಮುನಿಸಿಕೊಂಡೆಯಾ? ಅಮ್ಮ ಫೋನ್ ಮಾಡಿದರೂ "ಕೆಲಸ ಇದೆ" ಎಂದು ಇಟ್ಟುಬಿಡುತ್ತೀಯಂತೆ. ನಿನ್ನ ದನಿ ಸರಿಯಿಲ್ಲ ಎಂದು ಅವಳು ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ. ಬೈಯುವುದಿದ್ದರೆ ಬೈದಾದರೂ ಬರೆ.

ಅಪ್ಪ


ಮಾರ್ಚ್ 14

ಅಪ್ಪ,

ನನ್ನಿಂದ ದೊಡ್ಡ ತಪ್ಪಾಗಿದೆ.

ನಾಲ್ಕನೇ ತಾರೀಕು ಮಧ್ಯಾಹ್ನ ಮೆಟ್ಟಿಲಿನ ದೃಶ್ಯದ ತಾಲೀಮು. ಬೇರೆ ನಟರೆಲ್ಲ ಬಟ್ಟೆಯ ಅಳತೆ ಕೊಡಲು ಹೋಗಿದ್ದರು. ಇದ್ದವರು ಮಹಾರಾಜರು, ನಿರ್ದೇಶಕರು, ನಾನು ಮೂವರೇ. ನಾಲ್ಕೂಕಾಲಿಗೆ ಬಿಡುವು ಕೊಡಬೇಕಿತ್ತು. ಮಹಾರಾಜರು ಮೆಟ್ಟಿಲ ತುದಿಯಲ್ಲಿ ನಿಂತು ಗಡಿಯಾರದ ಕಡೆ ಬೆರಳು ತೋರಿಸಿದರು. ನಿರ್ದೇಶಕರು "ಇನ್ನೊಂದೇ ಸಲ" ಎಂದರು. ಬಿಡುವು ಎಂದು ಕೂಗಬೇಕಾದವಳು ನಾನು. ಆದರೆ ಆ ಹೊತ್ತಿಗೆ ದೃಶ್ಯ ಎಷ್ಟು ಚೆನ್ನಾಗಿ ಕೂಡಿಬಂದಿತ್ತೆಂದರೆ, ಅಪ್ಪ, ನನಗೂ ಅದನ್ನು ಇನ್ನೊಮ್ಮೆ ನೋಡುವ ಆಸೆಯಾಯಿತು. "ಇನ್ನೊಂದ್ಸಲ, ಮಹಾರಾಜ್ರೇ," ಎಂದೆ. ಅವರು ನನ್ನ ಮುಖ ನೋಡಿ ನಕ್ಕು ಮತ್ತೆ ಹತ್ತಿದರು. ಆಮೇಲೆ ಮತ್ತೊಂದು ಸಲ. ಮತ್ತೊಂದು. ನಾಲ್ಕು ಐವತ್ತಕ್ಕೆ ಏಳನೇ ಮೆಟ್ಟಿಲಿನಲ್ಲಿ ಅವರ ಕಾಲು ಮಡಚಿತು. ಪಾದದ ಗಂಟಿನ ಹತ್ತಿರ ಎರಡು ಕಡೆ ಮೂಳೆ ಮುರಿದಿದೆ.

ಸಂಜೆ ಕಂಪನಿಯ ಮ್ಯಾನೇಜರ್ ನನ್ನ ಪುಸ್ತಕ ತೆರೆದರು. "ನಾಲ್ಕೂಕಾಲರಿಂದ ನಾಲ್ಕೂವರೆ ಬಿಡುವು ಕೊಡಲಾಯಿತು. ಬರೆದಿದ್ದೀಯಲ್ಲಮ್ಮ, ಒಳ್ಳೇದಾಯ್ತು. ಕೆಳಗೊಂದು ಸಹಿ ಹಾಕು." ಬೆಳಿಗ್ಗೆ ನಾನೇ ಶಾಯಿಯಲ್ಲಿ ಬರೆದ ಸಾಲು. ಹಾಗಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಸಹಿ ಹಾಕಿಬಿಟ್ಟೆ.

ಅದರ ಅರ್ಥ ಆಮೇಲೆ ತಿಳಿಯಿತು. ಬಿಡುವಿಲ್ಲದೆ ದುಡಿಸಿ ಗಾಯವಾದರೆ ತಪ್ಪು ಕಂಪನಿಯದು. ಚಿಕಿತ್ಸೆ ಪೂರ್ತಿ ನೋಡಿಕೊಳ್ಳಬೇಕು, ವಾಸಿಯಾಗುವವರೆಗೆ ಪಾತ್ರವನ್ನು ಅವರಿಗಾಗಿಯೇ ಇಡಬೇಕು. ಬಿಡುವು ಕೊಟ್ಟಿದ್ದರೆ ಬಿದ್ದವರದೇ ಅಜಾಗರೂಕತೆ, ಪಾತ್ರ ಬೇರೆಯವರಿಗೆ ಕೊಡಬಹುದು. ಬೇರೆ ರಾಜನನ್ನು ಆಗಲೇ ಹುಡುಕುತ್ತಿದ್ದಾರೆ. ಸಂಘ ವಿಚಾರಣೆ ಕೇಳಿದೆ, ಏಪ್ರಿಲ್ ಎರಡಕ್ಕೆ. ಸಂಘದವರು ಮೂವರು, ಕಂಪನಿಯವರು ಮೂವರು, ಮಧ್ಯೆ ನನ್ನ ಪುಸ್ತಕ.

ಆಸ್ಪತ್ರೆಗೆ ಹೋಗಿದ್ದೆ. ಮಹಾರಾಜರು ನನ್ನನ್ನೇ ಸಮಾಧಾನ ಮಾಡಿದರು. "ಪುಸ್ತಕದಲ್ಲಿ ಇದ್ದಂಗೇ ಇರ್ಲಿ ಬಿಡು ಮಗಳೇ. ನಾನು ಬೇಕಾದಷ್ಟು ಸಿಂಹಾಸನ ಹತ್ತಿ ಇಳಿದಿದೀನಿ. ನೀನಿನ್ನೂ ಹೊಸಬಳು, ಕೆಲಸ ಕಳ್ಕೋಬೇಡ." ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿಜ ಹೇಳಿದರೆ ಸುಳ್ಳು ದಾಖಲೆ ಬರೆದವಳೆಂದು ತೆಗೆದುಹಾಕುತ್ತಾರೆ, ಆಮೇಲೆ ಯಾವ ಕಂಪನಿಯೂ ಕರೆಯುವುದಿಲ್ಲ. ಹೇಳದಿದ್ದರೆ ಅವರ ಪಾತ್ರ ಹೋಗುತ್ತದೆ. ಏನು ಮಾಡಲಿ? ಕುಲಾವಿ ಎಂದು ನೀವು ಬರೆದಿದ್ದ ಪತ್ರ ಎದುರಿಗೇ ಇದೆ. ಓದಿದಾಗ ಸಿಟ್ಟು ಬಂದಿತ್ತು, ಅದಕ್ಕೇ ಉತ್ತರ ಬರೆದಿರಲಿಲ್ಲ.

ಚೂಟಿ


ಮಾರ್ಚ್ 19

ನನ್ನ ಕೂಸೇ,

ನಿನ್ನ ಪತ್ರವನ್ನು ಅಮ್ಮ ಗಟ್ಟಿಯಾಗಿ ಓದಿದಳು, ನಾನು ಕೇಳಿದೆ. "ಈಗಲಾದರೂ ಅವಳಿಗೆ ಹೇಳಿ," ಎಂದು ಅವಳೇ ಕಾಗದ ತಂದು ಕೊಟ್ಟಳು.

ನನ್ನ ಬಲಗೈಯ ಎರಡು ಬೆರಳು ಇಲಿ ತಿಂದವು ಎಂದು ನೀನು ಚಿಕ್ಕವಳಿದ್ದಾಗ ಹೇಳುತ್ತಿದ್ದೆ. ನೀನು ಇಲಿಗೆ ಹೆದರಿ ಮಂಚದಿಂದ ಇಳಿಯುತ್ತಲೇ ಇರಲಿಲ್ಲ. ದೊಡ್ಡವಳಾದ ಮೇಲೆ ಬಾಗಿಲಿಗೆ ಸಿಕ್ಕಿತು ಎಂದೆ. ಎರಡೂ ಸುಳ್ಳು.

ನೀನು ಹುಟ್ಟುವ ಮೊದಲಿನ ಮಾತು. ನನಗೆ ಇಪ್ಪತ್ತೇಳು. ನಮ್ಮ ಮಂದಿರದಲ್ಲಿ ನಲವತ್ತು ಹಗ್ಗ, ಒಂದೊಂದಕ್ಕೂ ಪುಸ್ತಕದಲ್ಲಿ ಒಂದು ಚೌಕ. ದಿನಾ ಆಟಕ್ಕೆ ಮುಂಚೆ ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿ ಚೌಕದಲ್ಲಿ ರೈಟು ಹಾಕಬೇಕು. ನಾವೇನು ಮಾಡುತ್ತಿದ್ದೆವು ಗೊತ್ತೇ? ಚಹಾ ಕುಡಿಯುತ್ತಾ ನಲವತ್ತಕ್ಕೂ ಒಂದೇ ಉಸಿರಿಗೆ ರೈಟು ಹಾಕಿ ಆಮೇಲೆ ಮೇಲೆ ಹತ್ತುತ್ತಿದ್ದೆವು. ಹನ್ನೊಂದನೇ ಹಗ್ಗ ಬದಲಾಯಿಸಿ ಎಂದು ಮೂರು ಸಲ ಬರೆದು ಕೊಟ್ಟಿದ್ದೆವು, ಬದಲಾಯಿಸಿರಲಿಲ್ಲ. ಆದರೂ ಅವತ್ತು ಹನ್ನೊಂದನೇ ಚೌಕಕ್ಕೂ ನನ್ನ ರೈಟು ಬಿತ್ತು. ಆಟದ ನಡುವೆ ಹಗ್ಗ ಕಿತ್ತಿತು. ಓಡುತ್ತಿದ್ದ ತುದಿಯನ್ನು ಹಿಡಿಯಲು ಹೋದೆ, ಬೆರಳು ಹೋದವು. ಆ ಹಗ್ಗ ಹೊತ್ತಿದ್ದ ಮೇಲಿನ ಕಂಬಿ ಕೆಳಗಿದ್ದ ನಟಿಯ ಪಕ್ಕದಲ್ಲಿ ಬಿತ್ತು. ಅವಳು ಒಂದು ಹೆಜ್ಜೆ ಆಚೆ ಇದ್ದಳು, ಬದುಕಿದಳು.

ಕಂಪನಿ ಪುಸ್ತಕ ತೆರೆಯಿತು. "ಹಗ್ಗ ಸರಿಯಾಗಿದೆ ಅಂತ ಇವನೇ ರೈಟು ಹಾಕಿದಾನಲ್ಲ." ನನ್ನ ಬಾಯಿ ಕಟ್ಟಿಹೋಯಿತು, ನಿನ್ನ ಹಾಗೆಯೇ. ಆಗ ನಮ್ಮ ಹಗ್ಗದ ಹಿರಿಯರು ಎದ್ದು ನಿಂತರು. "ನೋಡ್ದೆ ರೈಟು ಹಾಕೋದು ಇವನಿಗೆ ಕಲಿಸಿದ್ದು ನಾನು. ಕೈ ಇವನದು, ತಪ್ಪು ನಂದು. ಮೂರು ಸಲ ಬರ್ಕೊಟ್ರೂ ಹಗ್ಗ ತರ್ಸಿಲ್ವಲ್ಲ, ಅದು ಯಾರ ತಪ್ಪು ನೀವು ಹೇಳಿ," ಎಂದರು. ಸಂಘ ಅಲ್ಲಿಂದ ಹಿಡಿಯಿತು, ಬಿಡಲಿಲ್ಲ. ನನ್ನ ಕೆಲಸ ಉಳಿಯಿತು. ಅವರ ಹಿರಿತನ ಹೋಯಿತು. ನನ್ನ ಪಕ್ಕದಲ್ಲೇ ಸಾಮಾನ್ಯ ಆಳಾಗಿ ಆರು ವರ್ಷ ಹಗ್ಗ ಎಳೆದರು. ಎಂಟು ಬೆರಳಿನಲ್ಲಿ ಗಂಟು ಹಾಕುವುದನ್ನು ನನಗೆ ಕಲಿಸಿದರು. ಆ ವಿಷಯ ಒಂದು ದಿನವೂ ಎತ್ತಲಿಲ್ಲ. ನಮ್ಮ ಮನೆಯ ಅನ್ನ, ನಿನ್ನ ಓದು, ಎಲ್ಲ ಅವರ ಋಣ. ಅವರು ಹೋಗಿ ಹದಿನಾಲ್ಕು ವರ್ಷವಾಯಿತು, ಈಗಲೂ ರೈಟು ಹಾಕುವಾಗ ದಿನಾ ನೆನೆಯುತ್ತೇನೆ.

ಇನ್ನು ನಿನ್ನ ನಾಟಕದ ದಿನ. ಅವತ್ತು ಹಗ್ಗ ಹಿಡಿದು ನೋಡಿದಾಗ ಒಳಗಿನ ಎಳೆ ಕಿತ್ತಿರುವುದು ಕೈಗೆ ತಿಳಿಯಿತು. ಹೊಸದು ಬರಲು ಎರಡು ದಿನ. "ಹೇಗೋ ಒಂದು ಆಟ ನಡೆಸಿಬಿಡಣ್ಣ, ಮಗಳ ನಾಟಕ," ಎಂದು ಎಲ್ಲರೂ ಅಂದರು. ಚೌಕದ ಮೇಲೆ ಪೆನ್ನು ಇಟ್ಟೆ, ಕೈ ಓಡಲಿಲ್ಲ. ಆ ಹಗ್ಗದ ನೇರ ಕೆಳಗೆ ನಿಲ್ಲಬೇಕಾಗಿದ್ದವಳು ನೀನು. ಇಷ್ಟು ಹೇಳಿದ್ದರೆ ನಿನ್ನ ಕೋಪ ಅವತ್ತೇ ಇಳಿಯುತ್ತಿತ್ತೇನೋ. ಹೇಳಿದರೆ ಬೆರಳಿನ ಕಥೆಯನ್ನೂ ಹೇಳಬೇಕಿತ್ತು. ಮಗಳ ಎದುರು ಚಿಕ್ಕವನಾಗಲು ಇಷ್ಟವಿರಲಿಲ್ಲ. ಅದನ್ನು ಹೊಟ್ಟೆಗೆ ಹಾಕಿಕೋ.

ಏನು ಮಾಡಬೇಕೆಂದು ನಾನು ಬರೆಯುವುದಿಲ್ಲ. ನೀನು ಏನು ಮಾಡಿದರೂ ಈ ಮನೆಯ ಬಾಗಿಲು ತೆರೆದೇ ಇರುತ್ತದೆ.

ಅಪ್ಪ

ಚೂಟಿ, ಅಮ್ಮ ಬರೆಯುತ್ತಿದ್ದೇನೆ. ಈ ಮನುಷ್ಯ ಬರೆಯುವಾಗ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ನಿನಗೆ ಗೊತ್ತಿರಲಿ ಎಂದು ಹೇಳಿದೆ.


ಏಪ್ರಿಲ್ 4

ಅಪ್ಪ, ಅಮ್ಮ,

ಹೇಳಿದೆ.

ಉದ್ದ ಮೇಜು, ಒಂದು ಕಡೆ ಮೂವರು, ಇನ್ನೊಂದು ಕಡೆ ಮೂವರು. ಕಂಪನಿಯವರು ನನ್ನ ಸಾಲು ಓದಿದರು. ನಾನು ಎದ್ದು ನಿಂತೆ. "ಆ ಸಾಲು ಬೆಳಿಗ್ಗೆ ಬರೆದದ್ದು. ಬಿಡುವು ಕೊಡಲೇ ಇಲ್ಲ. ಕೊಡಬೇಕಾಗಿದ್ದವಳು ನಾನು. ನಿರ್ದೇಶಕರು ಇನ್ನೊಂದು ಸಲ ಅಂದ್ರು, ನಾನೂ ಅಂದೆ. ಆಮೇಲೆ ಸಹಿ ಹಾಕಿದ್ದು ಭಯಕ್ಕೆ," ಎಂದೆ. ಕೊನೆಗೆ ನಿರ್ದೇಶಕರೇ ತಲೆ ತಗ್ಗಿಸಿಕೊಂಡು "ಹೌದು, ನಿಲ್ಲಿಸಬೇಕಾಗಿತ್ತು," ಎಂದರು. ಅವರ ಮೇಲೆ ನನಗಿದ್ದ ಸಿಟ್ಟು ಅರ್ಧ ಅಲ್ಲೇ ಹೋಯಿತು.

ಮಹಾರಾಜರ ಪಾತ್ರ ಮಹಾರಾಜರಿಗೇ. ಪ್ರದರ್ಶನ ಮೇ ಹತ್ತಕ್ಕೆ ಹೋಗಿದೆ, ಚಿಕಿತ್ಸೆ ಕಂಪನಿಯದು. ನನಗೆ ಸಂಘವೇ ಎಚ್ಚರಿಕೆ ಪತ್ರ ಕೊಟ್ಟಿದೆ, ನ್ಯಾಯವಾಗಿ ಸಿಗಬೇಕಾಗಿದ್ದದ್ದೇ.

ಆದರೆ ಮಾರನೇ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಬಾಗಿಲಲ್ಲೇ ತಡೆದು, ಇನ್ನು ಬರಬೇಡ ಎಂದರು. ಚೀಲ ತೆಗೆದುಕೊಂಡು ಹೋಗಲು ಒಳಗೆ ಹೋದೆ. ರಂಗದ ನಟ್ಟನಡುವೆ, ಮೆಟ್ಟಿಲಿಗೆ ಅಡ್ಡವಾಗಿ, ಅದೇ ಕುರ್ಚಿ. ಪಕ್ಕದಲ್ಲಿ ಮೀಸೆಯ ಮೇಸ್ತ್ರಿ ಕೈ ಕಟ್ಟಿಕೊಂಡು ನಿಂತಿದ್ದಾರೆ. ತಾಲೀಮು ಶುರುವಾಗುವ ಹಾಗಿಲ್ಲ.

"ಕುರ್ಚಿ ತೆಗೀರಿ," ಎಂದರು ಮ್ಯಾನೇಜರ್.

"ತೆಗಿಯೋದೇ ನಮ್ಮ ಕೆಲಸ ಸಾರ್. ಆದ್ರೆ ತೆಗೀರಿ ಅಂತ ನಮಗೆ ಹೇಳೋದು ಸ್ಟೇಜ್ ಮ್ಯಾನೇಜರ್ ಕೆಲಸ. ಆಯಮ್ಮ ಎಲ್ಲಿ?"

ನಟರೆಲ್ಲ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಸಂಘದ ಕಾರ್ಯದರ್ಶಿ ಬಂದು, ತಪ್ಪು ತಿದ್ದಿ ಹೇಳಿದವಳನ್ನು ತೆಗೆದರೆ ನಾಳೆ ಯಾರು ತಿದ್ದುತ್ತಾರೆ ಎಂದು ಮ್ಯಾನೇಜರ್ ಹತ್ತಿರ ವಾದಕ್ಕೆ ಕೂತರು. ಒಂದೂವರೆ ಗಂಟೆ ಹಿಡಿಯಿತು. ಹನ್ನೊಂದೂವರೆಗೆ ಮ್ಯಾನೇಜರ್, ಕೆಲಸ ಬಿಡಿಸುವುದಿಲ್ಲ ಎಂದು ಒಪ್ಪಿ, ನನ್ನನ್ನು ರಂಗದ ಮೇಲೆ ಕರೆದರು.

"ಏನಾಗ್ಬೇಕಿತ್ತು ಹೇಳಮ್ಮ?" ಎಂದರು ಮೇಸ್ತ್ರಿ.

"ಕುರ್ಚಿ ಸ್ವಲ್ಪ ಪಕ್ಕಕ್ಕೆ," ಎಂದೆ. ಅಳು ಬಂದುಬಿಟ್ಟಿತು. ಅಷ್ಟು ಜನರಿಗೆ ಹೇಗೆ ಕೈ ಮುಗಿಯಬೇಕೆಂದೇ ತಿಳಿಯಲಿಲ್ಲ.

ಮೇ ಹತ್ತಕ್ಕೆ ಇಬ್ಬರೂ ಬರಬೇಕು. ಇದು ಬರೆದು ಕೊಟ್ಟದ್ದು, ಬಾಯಿಮಾತಲ್ಲ.

ನಿಮ್ಮ ಚೂಟಿ


ಮೇ 12

ಅಪ್ಪ,

ನೀವು ಹೊರಟ ಮೇಲೆ ಈ ಊರು ಖಾಲಿ ಅನ್ನಿಸುತ್ತಿದೆ. ಅಮ್ಮ ಬಿಟ್ಟುಹೋದ ಎಣ್ಣೆ ಬಾಟಲಿ ನನ್ನ ಮೇಜಿನ ಮೇಲಿದೆ.

ಮೊನ್ನೆ ಗಲಾಟೆಯಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪರದೆ ಏಳಲು ಅರ್ಧ ಗಂಟೆ ಇರುವಾಗ ನೀವು ನಿಮ್ಮ ಕುರ್ಚಿಯಲ್ಲಿ ಇರಲಿಲ್ಲ. ಎಲ್ಲಿ ಹೋದರು ಎಂದು ಹುಡುಕಿದರೆ, ಮೇಲೆ, ಹಗ್ಗಗಳ ಅಟ್ಟದ ಮೇಲೆ. ಇಲ್ಲಿಯ ಹುಡುಗರ ಅಪ್ಪಣೆ ಕೇಳಿ, ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ಒಂದೊಂದೇ ಹಗ್ಗವನ್ನು ನೋಡುತ್ತಾ ನಡೆಯುತ್ತಿದ್ದಿರಿ. ಅವರ ಮುಖ್ಯಸ್ಥ, "ಹಗ್ಗದಣ್ಣ, ಮುಟ್ಟಿ ನೋಡಿ ಪರವಾಗಿಲ್ಲ," ಎಂದ. ನೀವು ಮೂರು ಬೆರಳು ಉಳಿದ ಬಲಗೈ ಚಾಚಿ ಒಂದು ಹಗ್ಗ ಹಿಡಿದು ಕಣ್ಣು ಮುಚ್ಚಿದಿರಿ. ನಾನು ಕೆಳಗೆ ಕತ್ತಲಲ್ಲಿ ನಿಂತು ನೋಡುತ್ತಿದ್ದೆ. ಹೋದ ವರ್ಷ ನನ್ನ ಜೀವ ಉಳಿಸಿದ ಕೈ ಅದು. ನಾನು ಎಲ್ಲರೆದುರಿಗೆ ಬೈದಿದ್ದೂ ಆ ಕೈಗೇ.

ಮಹಾರಾಜರು ಊರುಗೋಲು ಹಿಡಿದು ಇಳಿದು ಬಂದಾಗ, ಆ ಕೋಲು ಕಣ್ಣಿಲ್ಲದ ರಾಜನ ಕೋಲೇ ಎಂದು ಜನ ತಿಳಿದರು. ಇಪ್ಪತ್ತೆರಡನೇ ಮೆಟ್ಟಿಲು ಮುಟ್ಟಿದಾಗ ನೀವು ಎಲ್ಲರಿಗಿಂತ ಮೊದಲು ಎದ್ದು ನಿಂತಿರಂತೆ. ಅಮ್ಮ ಹೇಳಿದಳು.

ಅಪ್ಪ, ಅವತ್ತು ನನ್ನ ನಾಟಕದ ಪರದೆ ಏಳಿಸದೇ ಇದ್ದದ್ದಕ್ಕೆ ನಿಮಗೆ ನನ್ನ ದೊಡ್ಡ ನಮಸ್ಕಾರ. ವರ್ಷ ತಡವಾಯಿತು.

ಚೂಟಿ


ಮೇ 18

ಚೂಟಿ,

ನಿನ್ನ ಪತ್ರ ಬಂತು. ಪೂರ್ತಿ ಓದಿದ ಮೇಲೆಯೇ ಕೆಳಗೆ ರೈಟು ಹಾಕಿದ್ದೇನೆ, ಮೊದಲೇ ಹಾಕಿದ್ದಲ್ಲ. ಅಮ್ಮ ಸಾಕ್ಷಿ.

✓

ಅಪ್ಪ